ತಾಯಿಪಾತ್ರದ ಮರೆಯಲ್ಲಿ ಪಂಡರಿಬಾಯಿ

ಪಂಡರಿಬಾಯಿಯವರ ಹೆಸರು ಬಂದೊಡನೆ ‘ಬೆಳ್ಳಿತೆರೆಯ ತಾಯಿ’ ಎಂಬ ವಿಶೇಷಣ ನಮ್ಮ ಬರಹಗಳಲ್ಲಿ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಗೌರವದಿಂದಲೇ ಬಳಕೆಯಾಗುವ ಈ ಮಾತು ಆ ಕಲಾವಿದೆಯ ಬದುಕಿನ ಬಹುಮುಖ್ಯ ಭಾಗವನ್ನು ಮರೆಮಾಡಿದೆ ಎಂಬುದು ನನ್ನ ಆಕ್ಷೇಪ.

ಹರಿಕಥೆಯ ಪರಿಸರದಲ್ಲಿ ಬೆಳೆದ ಅವರು 1943ರ ‘ವಾಣಿ’ಯ ಮೂಲಕ ಚಿತ್ರರಂಗ ಪ್ರವೇಶಿಸಿದರು. 1952ರ ತಮಿಳಿನ ‘ಪರಾಶಕ್ತಿ’ ಶಿವಾಜಿ ಗಣೇಶನ್ ಅವರನ್ನು ತೆರೆಗೆ ತಂದಿತು. 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿಸಿತು. ಎರಡರಲ್ಲಿಯೂ ನಾಯಕಿ ಪಂಡರಿಬಾಯಿಯವರೇ. ಇವೆರಡನ್ನೂ ನಾವು ನಾಯಕನಟರ ಉದಯದ ಕಥೆಗಳಾಗಿಯೇ ಓದುತ್ತ ಬಂದಿದ್ದೇವೆ. ಆ ಹೊಸಬರ ಎದುರು ನಿಂತವರು ಆಗಲೇ ಸುಮಾರು ಒಂದು ದಶಕದ ಅನುಭವವಿದ್ದ ನಟಿ ಎಂಬುದು ಅಂಥ ಓದಿಗೆ ನಿಲುಕುವುದಿಲ್ಲ. ಒಬ್ಬರೇ ನಿಂತು ಹಲವು ಪಾತ್ರಗಳಿಗೆ ದನಿಯಾಗುವ ಹರಿಕಥೆಯ ಶಿಸ್ತು ಅವರ ಅಳತೆಗೆಟ್ಟು ಹರಿಯದ ಸಂಭಾಷಣೆಯಲ್ಲಿ ಉಳಿದುಕೊಂಡಿತ್ತೆಂದು ನನಗೆ ತೋರುತ್ತದೆ. ಈ ನೆಲೆಯ ವಿವೇಚನೆಯೂ ನಡೆಯಬೇಕಾಗಿದೆ.

ಅನಂತರ ನಡೆದದ್ದನ್ನು ಗಮನಿಸಬೇಕು. 1969ರ ‘ದೈವ ಮಗನ್’ನಲ್ಲಿ ಶಿವಾಜಿಯವರದು ತಂದೆ ಮತ್ತು ಇಬ್ಬರು ಮಕ್ಕಳ ತ್ರಿಪಾತ್ರ, ಪಂಡರಿಬಾಯಿ ಅದೇ ನಟನಿಗೆ ಹೆಂಡತಿಯೂ ಹೌದು, ತಾಯಿಯೂ ಹೌದು! 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ತಮ್ಮ ಹೆಚ್ಚುಕಡಿಮೆ ಸಮವಯಸ್ಕರೇ ಆದ ರಾಜ್‌ಕುಮಾರ್ ಅವರಿಗೆ ತಾಯಿಯಾದರು. ಅದೇ ಕಥೆ 1992ರಲ್ಲಿ ತಮಿಳಿನ ‘ಮನ್ನನ್’ ಆದಾಗ ರಜನೀಕಾಂತ್ ಅವರಿಗೂ ಅವರೇ ತಾಯಿ. ಇದನ್ನು ಕೇವಲ ಮಾತೃವಾತ್ಸಲ್ಯದ ಅಭಿನಯವೆಂದು ಕೊಂಡಾಡುವುದು ಸುಲಭ. ನಾಯಕನ ವಯಸ್ಸನ್ನು ನಿಲ್ಲಿಸಿ ನಾಯಕಿಯ ವಯಸ್ಸನ್ನು ಮಾತ್ರ ಓಡಿಸುವ ಉದ್ಯಮದ ನಿಯಮವನ್ನು ಅವರ ಪಾತ್ರಪಟ್ಟಿಯಷ್ಟು ನಿಚ್ಚಳವಾಗಿ ತೋರಿಸುವ ದಾಖಲೆ ಇನ್ನೊಂದಿರಲಾರದು.

ಇದಕ್ಕಿಂತ ದೊಡ್ಡ ಮರೆವು ನಿರ್ಮಾಪಕಿ ಪಂಡರಿಬಾಯಿಯವರನ್ನು ಕುರಿತದ್ದು. ‘ಸಂತ ಸಖು’ (1955), ‘ರಾಯರ ಸೊಸೆ’ (1957) ಅವರ ನಿರ್ಮಾಣಗಳು. ಎರಡನೆಯದರಲ್ಲಿ ರಾಜ್‌ಕುಮಾರ್ ಅವರಿಗೆ ಸಂಭಾವನೆ ಕೊಡುವ ಸ್ಥಾನದಲ್ಲಿದ್ದವರು ಅವರೇ. (ಅವರಿಗಿಂತ ಮೊದಲೇ, 1943ರಲ್ಲಿ, ‘ರಾಧಾರಮಣ’ವನ್ನು ನಿರ್ಮಿಸಿದ ಎಂ. ವಿ. ರಾಜಮ್ಮನವರ ಸ್ಥಿತಿಯೂ ನಮ್ಮ ಅಧ್ಯಯನಗಳಲ್ಲಿ ಇದಕ್ಕಿಂತ ಉತ್ತಮವಾಗಿಲ್ಲ.) ಒಬ್ಬ ಸಂತಳನ್ನೂ ಒಬ್ಬ ಸೊಸೆಯನ್ನೂ ಕಥೆಯ ಕೇಂದ್ರಕ್ಕೆ ತಂದ ಈ ಆಯ್ಕೆಗಳು ಅವರ ಸ್ವಂತದವು, ತಾಯಿಪಾತ್ರಗಳು ಉದ್ಯಮ ಕೊಟ್ಟವು. ಈ ವ್ಯತ್ಯಾಸವನ್ನು ಗುರುತಿಸದೆ ಬರೆದ ಚರಿತ್ರೆ ಅಪೂರ್ಣ.

ಪಂಡರಿಬಾಯಿ 2003ರಲ್ಲಿ ನಿಧನರಾದರು. ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ಸಿದ್ಧವಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಆದ್ದರಿಂದ ಅವರನ್ನು ಕುರಿತು ಸಂಶೋಧನೆಗೆ ತೊಡಗುವವರು ಬೆಂಗಳೂರಿನ ಗ್ರಂಥಾಲಯಗಳಲ್ಲಿಯೇ ನಿಲ್ಲದೆ ಚೆನ್ನೈಗೆ ಹೋಗಬೇಕು, ತಮಿಳು ಪತ್ರಿಕೆಗಳ ಹಳೆಯ ಸಂಪುಟಗಳನ್ನೂ ತೆರೆಯಬೇಕು.