ದೊಡ್ಡ ಪರದೆಯ ಫೋನ್ ಬೋಧನೋಪಕರಣವೇ?

ಅಭ್ಯಾಸ ಬೋಧನೆ ಹತ್ತಿರವಾದಂತೆ ನಮ್ಮ ಸಹಪಾಠಿಗಳಲ್ಲಿ ಕೆಲವರು ಕಂತಿನ ಮೇಲೆ ದೊಡ್ಡ ಪರದೆಯ ಹೊಸ ಸ್ಮಾರ್ಟ್‌ಫೋನ್ ಕೊಂಡಿದ್ದಾರೆ, ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ವೀಕ್ಷಣಾ ಪತ್ರದಲ್ಲಿ ‘ತಂತ್ರಜ್ಞಾನದ ಬಳಕೆ’ ಎಂಬ ಕಲಂ ಇದ್ದು ಅದಕ್ಕೆ ಅಂಕ ಇರುವುದೇ ಇದಕ್ಕೆ ಕಾರಣ. ಗಣಿತದ ಪ್ರಶಿಕ್ಷಣಾರ್ಥಿಯಾದ ನಾನು ಅಂಥದೊಂದು 6.7 ಇಂಚಿನ ಫೋನನ್ನು ಗೆಳತಿಯಿಂದ ಪಡೆದು ಏಳನೆಯ ತರಗತಿಯ ಎರಡು ಪಾಠಗಳಲ್ಲಿ ಬಳಸಿದೆ. ಬೋಧನೋಪಕರಣವಾಗಿ ಅದಕ್ಕೆ ನಾನು ಕೊಡುವ ಅಂಕ ಕಡಿಮೆ.

ಮೊದಲು ಅಳತೆ. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಅದೇ ದೈತ್ಯ ಎನಿಸಿತ್ತು. ಈಗ 6.7 ಇಂಚು ಸಾಮಾನ್ಯ. ಆದರೆ ಈ ಇಂಚು ಕರ್ಣದ ಅಳತೆ. ಪರದೆಯ ಉದ್ದ-ಅಗಲದ ಅನುಪಾತ 20:9 ಇದ್ದರೆ, ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ, ಅಗಲ ಬರುವುದು 2.75 ಇಂಚು, ಅಂದರೆ ಸುಮಾರು 7 ಸೆಂ.ಮೀ. ನಾವು ತೋರಿಸುವ ಪಾಠದ ವಿಡಿಯೊಗಳು ಹೆಚ್ಚಾಗಿ 16:9. ಫೋನನ್ನು ಅಡ್ಡ ಹಿಡಿದಾಗ ಎರಡೂ ಬದಿ ಕಪ್ಪು ಪಟ್ಟಿ ಉಳಿದು ಚಿತ್ರದ ಕರ್ಣ 5.6 ಇಂಚಿಗೆ ಇಳಿಯುತ್ತದೆ. 16:9 ಪರದೆಯ ಹಳೆಯ 5.5 ಇಂಚಿನ ಫೋನಿಗಿಂತ ಹೆಚ್ಚು ಸಿಕ್ಕಿದ್ದು ಕೂದಲೆಳೆಯಷ್ಟು. (ಕರ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?) ಕಪ್ಪುಹಲಗೆಯ ಮೇಲೆ ನಾವು 5 ಸೆಂ.ಮೀ. ಎತ್ತರದ ಅಕ್ಷರ ಬರೆಯುತ್ತೇವೆ. 7 ಸೆಂ.ಮೀ. ಪರದೆಯಲ್ಲಿ ಅಂಥ ಅಕ್ಷರದ ಒಂದೇ ಸಾಲು ಹಿಡಿಯುತ್ತದೆ. ಕೊನೆಯ ಬೆಂಚಿನವರಿಗೆ ಕಾಣುವುದು ಹೊಳೆಯುವ ಚೌಕಟ್ಟು ಮಾತ್ರ.

ಸ್ಪರ್ಶದ ವಿಷಯದಲ್ಲಿ ಮಾತ್ರ ಫೋನನ್ನು ಮೆಚ್ಚಿದೆ. ಜಿಯೋಜಿಬ್ರಾದಲ್ಲಿ ತ್ರಿಭುಜದ ಶೃಂಗವನ್ನು ಬೆರಳಿನಿಂದ ಎಳೆದಂತೆ ಕೋನಗಳು ಬದಲಾಗುತ್ತವೆ, ಮೊತ್ತ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಒಬ್ಬ ಹುಡುಗಿ ಶೃಂಗವನ್ನು ಎದುರಿನ ಬಾಹುವಿನವರೆಗೆ ಎಳೆದು, “ಮಿಸ್, ಈಗ ತ್ರಿಭುಜವೇ ಇಲ್ಲ, 180 ಮಾತ್ರ ಇದೆ” ಎಂದಳು. ಅಂಥ ಮಾತು ಚಾರ್ಟಿನಿಂದ ಹುಟ್ಟುವುದು ಕಷ್ಟ. ಆದರೆ ಅದು ಅವಳ ಬೆರಳಿಗೆ ದಕ್ಕಿದ್ದು, ತರಗತಿಗಲ್ಲ. 40 ಮಕ್ಕಳನ್ನು ನಾಲ್ವರಂತೆ ಹತ್ತು ಗುಂಪು ಮಾಡಿ, ಗುಂಪಿಗೆ ಮೂರು ನಿಮಿಷ ಕೊಟ್ಟರೂ ಅರ್ಧ ಗಂಟೆ ಹೋಗುತ್ತದೆ. ನಲವತ್ತು ನಿಮಿಷದ ಅವಧಿಯಲ್ಲಿ ಉಳಿದದ್ದೆಷ್ಟು? ಆ ದಿನ ಎಲ್ಲರ ಕೈಗೂ ಸಿಕ್ಕಿದ್ದು ಹಳೆಯ ನೋಟ್‌ಬುಕ್ಕಿನ ಹಾಳೆ: ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು, ಒಂದು ಸರಳರೇಖೆಯ ಮೇಲೆ ಜೋಡಿಸಿದರು.

ಫೋನ್ ತರಗತಿಗೆ ಬೇಡ ಎನ್ನುತ್ತಿಲ್ಲ. ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಎರಡು ಫೋನುಗಳನ್ನು ದೂರದಲ್ಲಿಟ್ಟು, ಚಪ್ಪಾಳೆ ತಟ್ಟಿ ಶಬ್ದದ ವೇಗ ಲೆಕ್ಕ ಹಾಕಬಹುದು. ಅಲ್ಲಿ ಕೆಲಸ ಮಾಡುವುದು ಮೈಕ್, ಪರದೆಯಲ್ಲ. ಒಡೆದ ಗಾಜಿನ ಹಳೆಯ ಫೋನೂ ಸಾಕು. ನಮ್ಮ ಪಾಠವನ್ನೇ ಚಿತ್ರೀಕರಿಸಿ ಸಂಜೆ ನೋಡುವುದಕ್ಕೂ ಅಷ್ಟೇ.

ಆದ್ದರಿಂದ ನಮ್ಮ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ: ಆ ಕಲಂನಲ್ಲಿ ಶಿಕ್ಷಕರ ಕೈಯಲ್ಲಿ ಯಾವ ಸಾಧನವಿತ್ತು ಎಂಬುದಕ್ಕೆ ಬದಲು, ಎಷ್ಟು ಮಕ್ಕಳು ಅದನ್ನು ಬಳಸಿದರು ಎಂದು ಬರೆಯುವಂತಾಗಲಿ. ಈ ತಿಂಗಳು ಕಂತಿಗೆ ಸಹಿ ಹಾಕಲಿರುವವರು ಅಂಗಡಿಗೆ ಹೋಗುವಾಗ ಒಂದು ಅಳತೆಪಟ್ಟಿ ಒಯ್ಯಿರಿ.