ಕಿರ್ದಿಗೆ ಬಾರದ ದುಡಿಮೆ

ನವಲಗುಂದದ ಜಮಖಾನೆ ನೇಯುವ ಮನೆಯ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಅಂಗಡಿಯೊಂದರ ಲೆಕ್ಕ ಬರೆಯಲು ಹುಬ್ಬಳ್ಳಿ ಬಸ್ಸು ಹತ್ತಿದಳೆಂದರೆ, ಒಂದು ಕಲೆ ಮುಗಿಯಿತು ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಮನೆಗಳ ಮಕ್ಕಳ ಬಗ್ಗೆಯೂ ಇದೇ ಮಾತು. ಈ ನಿಟ್ಟುಸಿರಿನಲ್ಲಿ ಪ್ರೀತಿ ಇದೆ, ವಿಚಾರ ಸಾಲದು. ನಮ್ಮ ಕೈಕಸುಬುಗಳು ಸೊರಗಿದ್ದಕ್ಕೆ ಮಕ್ಕಳು ಲೆಕ್ಕದ ಕೆಲಸಕ್ಕೆ ಹೋದದ್ದು ಕಾರಣ ಎನ್ನುವುದನ್ನು ನಾನು ಒಪ್ಪಲಾರೆ. ಕಸುಬಿನ ಲೆಕ್ಕ ಕಸುಬುದಾರರ ಕೈಯಲ್ಲಿ ಇರಲೇ ಇಲ್ಲ. ಕುಂದಗೋಳದ ಸಂಗೀತಕ್ಕೆ ನಾಡಿಗೇರ ವಾಡೆಯ ಆಸರೆ ಸಿಕ್ಕಿತು. ಗಾಯಕ ಸವಾಯಿ ಗಂಧರ್ವರ ನೆನಪಿನ ಕಛೇರಿ ಇಂದಿಗೂ ಆ ವಾಡೆಯಲ್ಲೇ ನಡೆಯುತ್ತದೆ. ಅಂಥ ಆಸರೆ ಮಗ್ಗಕ್ಕೆ ಸಿಗಲಿಲ್ಲ, ವ್ಯಾಪಾರಿ ಸಿಕ್ಕ.

ಜಮಖಾನೆಯ ಮಗ್ಗವನ್ನೇ ನೋಡಿ. ನೆಟ್ಟಗೆ ನಿಂತ ಮಗ್ಗದ ಮುಂದೆ ಹೆಂಗಸರು ಪಕ್ಕಪಕ್ಕ ಕೂತು, ಹಾಸಿನ ಎಳೆ ಎಣಿಸಿ, ಬಣ್ಣದ ಹತ್ತಿ ನೂಲು ತೂರಿಸಿ, ಪಂಜಾದಿಂದ ಬಡಿದು ಕೂರಿಸುತ್ತಾರೆ. ನಡುವೆ ಪಗಡೆ ಹಾಸು, ಸುತ್ತ ನವಿಲು. ಒಂದೆಳೆ ತಪ್ಪಿದರೆ ನವಿಲಿನ ಕುತ್ತಿಗೆ ಸೊಟ್ಟಗಾಗುತ್ತದೆ. ಇದು ಲೆಕ್ಕವಲ್ಲದೆ ಮತ್ತೇನು? ನೇಯುವವರು ಹೆಂಗಸರು ಮಾತ್ರ. ಮದುವೆಯಾಗಿ ಹೋಗುವ ಮಗಳಿಗೆ ಗುಟ್ಟು ಹೇಳದೆ ಸೊಸೆಗೆ ಕಲಿಸುವ ಪದ್ಧತಿ ಬಹುಕಾಲ ನಡೆದು ಬಂತು. ಈಗ ಈ ಜಮಖಾನೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಇದೆ. ಆದರೆ ಮನ್ನಣೆ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ. ನೂಲಿನ ಬೆಲೆ ಗೊತ್ತು, ಬಣ್ಣದ ಬೆಲೆ ಗೊತ್ತು. ಅಡುಗೆ, ಮಕ್ಕಳು, ಮುಸುರೆಯ ನಡುವೆ ಹೆಂಗಸರು ಸವೆಸಿದ ದಿನಗಳು ಮಾತ್ರ ಯಾವ ಕಿರ್ದಿಗೂ ಏರಲಿಲ್ಲ. ಆ ದಿನಗಳಿಗೆ ಬೆಲೆ ಕಟ್ಟಲು ಬಲ್ಲವಳು ಯಾರು? ಅತ್ತೆಯ ಮಗ್ಗವನ್ನೂ ಕಂಡು, ಜಮಾ-ಖರ್ಚನ್ನೂ ಕಲಿತ ಆ ಸೊಸೆಯೇ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. 2013ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ 702 ಉದ್ಯೋಗಗಳನ್ನು ಪರೀಕ್ಷಿಸಿ, ಕಂಪ್ಯೂಟರಿನ ಪಾಲಾಗುವ ಸಂಭವ ಎಷ್ಟೆಂದು ಅಂದಾಜು ಮಾಡಿದರು. ಲೆಕ್ಕ ಬರೆಯುವ ಗುಮಾಸ್ತರಿಗೆ ಶೇ. 98, ಕರಕುಶಲ ಕಲಾವಿದರಿಗೆ ಶೇ. 4ಕ್ಕೂ ಕಡಿಮೆ. ಹಾಗಾದರೆ ಭದ್ರವಾದ ಮಗ್ಗ ಬಿಟ್ಟು ಮುಳುಗುವ ದೋಣಿ ಹತ್ತುವುದೇ? ಆದರೆ ಈ ಅಂಕಿ ಹೇಳುವುದು ಯಂತ್ರಕ್ಕೆ ಏನು ಸಾಧ್ಯ ಎಂಬುದನ್ನಷ್ಟೇ. ಯಂತ್ರಕ್ಕೆ ಎಟುಕದ ಕೆಲಸವೆಲ್ಲ ಹೊಟ್ಟೆ ತುಂಬಿಸುತ್ತದೆ ಎಂದು ಅದು ಹೇಳಿಲ್ಲ. ನವಲಗುಂದದ ಮಗ್ಗಗಳು ಒಂದೊಂದಾಗಿ ನಿಂತದ್ದು ಯಾವ ಕಂಪ್ಯೂಟರೂ ನವಿಲು ನೇಯಲು ಕಲಿಯುವ ಮೊದಲೇ. ಹಾಗೆಂದು ಶೇ. 98 ಕಡೆಗಣಿಸುವ ಅಂಕಿಯೂ ಅಲ್ಲ. ಬಿಲ್ಲು ನೋಡಿ ಟೈಪು ಮಾಡುವುದಷ್ಟೇ ಬಲ್ಲವರ ಕೆಲಸ ಉಳಿಯಲಾರದು, ಇದನ್ನು ಹುಡುಗಿಯರಿಗೆ ಮೊದಲೇ ಹೇಳಬೇಕು. ರೋಜು ಕಿರ್ದಿಯಿಂದ ಖತಾವಣಿಗೆ ಕೈಯಲ್ಲಿ ಏರಿಸಿ, ವರ್ಷದ ಕೊನೆಗೆ ತಾಳೆಯಾಗದ ಹತ್ತು ರೂಪಾಯಿಗೆ ರಾತ್ರಿಯೆಲ್ಲ ಹುಡುಕುತ್ತಿದ್ದ ಕೆಲಸ ಯಂತ್ರಕ್ಕೆ ಹೋದರೆ ಹೋಗಲಿ. ಯಾವ ಉದರಿ ವಾಪಸು ಬರುತ್ತದೆ, ಯಾವುದು ಮುಳುಗಿತು, ಯಾವ ಖರ್ಚು ಯಾವ ಖಾತೆಗೆ ಸೇರಬೇಕು ಎನ್ನುವ ವಿವೇಚನೆ ಮನುಷ್ಯರ ಪಾಲಿಗೆ ಉಳಿಯುತ್ತದೆ. ತಪ್ಪಿದ ಎಳೆಯನ್ನು ದೂರದಿಂದಲೇ ಗುರುತಿಸುವ ಕಣ್ಣಿಗೆ ಇದು ಹೊಸ ವಿದ್ಯೆಯೇನಲ್ಲ.

ಯಂತ್ರದ ಲೆಕ್ಕವನ್ನು ಹಳ್ಳಿ ಅನುಮಾನದಿಂದ ನೋಡುವುದು ಸಹಜ. ಆದರೂ ಕೈಬರಹದ ಕಾಲ ಹೇಗಿತ್ತು ಎಂಬುದನ್ನು ಮರೆಯಬಾರದು. ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯ ದಫ್ತರದಲ್ಲಿ ಏನಿದೆಯೆಂದು ಹೊಲದ ಒಡೆಯನಿಗೇ ಗೊತ್ತಿರುತ್ತಿರಲಿಲ್ಲ. 1961ರ ಕಾಯ್ದೆ ಆ ವಂಶಪಾರಂಪರ್ಯ ಹುದ್ದೆಯನ್ನು ತೆಗೆಯಿತು, ದಫ್ತರದ ಗುಟ್ಟು ಮಾತ್ರ ಇನ್ನೂ ನಾಲ್ಕು ದಶಕ ಉಳಿಯಿತು. 2000ದ ಹೊತ್ತಿಗೆ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ದುಡ್ಡು ಕಟ್ಟಿ ಉತಾರ ಪಡೆಯುವಂತಾಯಿತು. ಹಳೆಯ ತಪ್ಪುಗಳು ಕಂಪ್ಯೂಟರಿನಲ್ಲಿಯೂ ಹಾಗೆಯೇ ಕೂತು, ತಿದ್ದಿಸಲು ರೈತರು ಅಲೆದದ್ದೂ ನಿಜ. ಆದರೆ ಕಣ್ಣಿಗೆ ಕಂಡ ತಪ್ಪನ್ನು ತಿದ್ದಿಸಲಾದರೂ ಬಂತು. ಇದೇ ದಾರಿಯಲ್ಲಿ 2022ರಲ್ಲಿ ಕೇಂದ್ರ ಸರ್ಕಾರ 63,000 ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿಯಲ್ಲಿ ಗಣಕೀಕರಿಸಲು ಒಪ್ಪಿತು. ಆ ಸೊಸೈಟಿಗಳಲ್ಲಿ ಊರನ್ನೂ ಬಲ್ಲ, ಯಂತ್ರವನ್ನೂ ಬಲ್ಲ ಜನ ಬೇಕು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಗರಗದ ಕಡೆಯಿಂದ ಬರುತ್ತದೆ. ಗರಗದ ಖಾದಿ, ಬೆಂಗೇರಿಯ ರಾಷ್ಟ್ರಧ್ವಜ ನಮ್ಮ ಧಾರವಾಡ ಜಿಲ್ಲೆಯ ಹೆಮ್ಮೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ನೂಲುವ ಹೆಂಗಸರ ಅನ್ನಕ್ಕೆ ಪೆಟ್ಟು ಬಿತ್ತು. ಆ ಯಂತ್ರವನ್ನು ನಾನು ಸ್ವಾಗತಿಸಲಾರೆ. ಕೈಯಿಂದ ನೂಲು ಕಸಿಯುವ ಯಂತ್ರ ಬೇರೆ, ಕೂಡಿಸಿ ಕಳೆಯುವ ಬೇಸರವನ್ನು ಹೊರುವ ಯಂತ್ರ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಟ್ಟಿಗೆ ಒಪ್ಪುವುದಾಗಲಿ ಬೈಯುವುದಾಗಲಿ ನಮಗೆ ದುಬಾರಿ. ಜಮಖಾನೆಯ ಖಾತೆ ತೆರೆದರೆ ತಂತ್ರಾಂಶ ನೂಲು, ಬಣ್ಣ, ಸಾಗಣೆಯನ್ನು ಕ್ಷಣದಲ್ಲಿ ಕೂಡಿಸಿ ಕೊಡುತ್ತದೆ. ‘ನೇಯ್ದವರ ದಿನಗೂಲಿ’ ಎಂಬ ಖಾತೆಯನ್ನು ಅದು ತಾನಾಗಿ ತೆರೆಯುವುದಿಲ್ಲ. ಅತ್ತೆ ಎಷ್ಟು ದಿನ ಮಗ್ಗದ ಮುಂದೆ ಕೂತಿದ್ದಳೆಂದು ಎಣಿಸಿದವಳೇ ಅದನ್ನು ಬರೆಯಬೇಕು.