ಗಾಜು ಒಳಗಡೆಯಿಂದಲೂ ಕೊಳೆಯಾಗತ್ತೆ ಸ್ವಾಮಿ!

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಚರ್ಚಾಸ್ಪರ್ಧೆ ಮುಗಿಸಿಕೊಂಡು ನಮ್ಮ ಸಂಘದ ಐದು ಜನ, ಗೆಳೆಯನ ಅಪ್ಪನ ಕಾರಿನಲ್ಲಿ ಹಾಸನದ ಕಡೆ ವಾಪಸ್ ಬರ್ತಾ ಇದ್ವಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ರಾತ್ರಿ 9.30 ಆಗಿತ್ತು. ಎದುರಿಂದ ಲಾರಿ ಬಂದಾಗಲೆಲ್ಲ ಮುಂದಿನ ಗಾಜು ಪೂರ್ತಿ ಬೆಳ್ಳಗಾಗಿ ಎರಡು ಮೂರು ಸೆಕೆಂಡ್ ರಸ್ತೆಯೇ ಕಾಣ್ತಿರಲಿಲ್ಲ. ಹಾಗೊಂದು ಸಲ ಆದಾಗ, ಎಡಗಡೆ ಲೈಟಿಲ್ಲದೆ ಕೆಟ್ಟು ನಿಂತಿದ್ದ ಟ್ಯಾಂಕರ್ ಕಂಡಿದ್ದು ಇನ್ನೇನು ಹತ್ತಿರ ಹೋದ ಮೇಲೆ. ಬ್ರೇಕ್ ಹಿಡೀತು, ಬಚಾವಾದ್ವಿ. ಸಕಲೇಶಪುರ ಬರೋವರೆಗೂ ಯಾರೂ ಮಾತಾಡಲಿಲ್ಲ.

ಊಟಕ್ಕೆ ನಿಂತಾಗ ಎಲ್ಲರೂ ಸೇರಿ ಹೈ ಬೀಮ್ ಹಾಕೋ ಲಾರಿಯವರನ್ನ ಬೈದೆವು. ತಪ್ಪೇನಿಲ್ಲ, ಬೈಯಬೇಕಾದ್ದೇ. ಆದರೆ ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಗಾಜಿನ ಒಳಮೈ ತುಂಬಾ ಸುರುಳಿ ಸುರುಳಿ ಗೆರೆ. ಅವತ್ತು ಬೆಳಿಗ್ಗೆಯೇ ವಾಟರ್ ಸರ್ವಿಸ್ ಆಗಿತ್ತು! ಹೊರಗೆ ಫಳಫಳ. ಒಳಗೆ ಮಾತ್ರ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ ಬಟ್ಟೆಯಲ್ಲೇ ಗಾಜಿಗೂ ಒಂದು ಕೈ ಎಳೆದಿದ್ದರು. ಅದು ಸಾಲದು ಅಂತ, ಘಾಟಿಯಲ್ಲಿ ಗಾಜು ಮಂಜುಗಟ್ಟಿದಾಗ ನಾವೇ ಅಂಗೈಯಲ್ಲಿ ಒರೆಸಿದ್ವಿ. ಬಾಳೆಕಾಯಿ ಚಿಪ್ಸ್ ತಿಂದ ಕೈ.

ಬಾಗಿಲು ಹಾಕಿದ ಕಾರಿನೊಳಗೆ ಗಾಜು ಯಾಕೆ ಜಿಡ್ಡಾಗತ್ತೆ? ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಅದನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕಗಳು ಸ್ವಲ್ಪ ಸ್ವಲ್ಪವೇ ಆವಿಯಾಗಿ ತಣ್ಣನೆ ಗಾಜಿನ ಮೇಲೆ ಕೂರುತ್ತವೆ. ಹಗಲಲ್ಲಿ ಈ ಪದರ ಕಾಣಲ್ಲ. ರಾತ್ರಿ ಎದುರಿನ ಬೆಳಕನ್ನು ಚದುರಿಸಿದಾಗಲೇ ಗೊತ್ತಾಗೋದು. ಮಂಜು ಕಟ್ಟೋದೂ ಕೊಳೆ ಗಾಜಿನ ಮೇಲೇ ಹೆಚ್ಚು. ಕಪ್ಪು ಫಿಲ್ಮ್ ಅಂಟಿಸಬೇಡಿ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶ ಕೊಟ್ಟಿತು. ಮುಂದಿನ ಗಾಜು ಕನಿಷ್ಠ ಶೇ. 70ರಷ್ಟು ಬೆಳಕು ಬಿಡಬೇಕು ಅನ್ನೋ ನಿಯಮವೂ ಇದೆ. ನಾವೇ ಸಾಕಿಕೊಂಡ ಈ ಜಿಡ್ಡಿನ ಫಿಲ್ಮಿಗೆ ಮಾತ್ರ ಯಾವ ಪೊಲೀಸೂ ದಂಡ ಹಾಕಲ್ಲ.

ಇದಕ್ಕೆ ದುಬಾರಿ ಸ್ಪ್ರೇ ಬೇಕು ಅನ್ನೋರ ಜೊತೆ ನಮ್ಮ ತಕರಾರಿದೆ. ಕೆಡಿಸೋದು ಬಟ್ಟೆ. ಬರೀ ನೀರಿಗೆ ಜಿಡ್ಡು ಕರಗಲ್ಲ, ಆ ಕಡೆ ಈ ಕಡೆ ಹರಡತ್ತೆ, ಅಷ್ಟೇ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮ ಸಮ ಬೆರೆಸಿ, ಗಾಜಿಗಲ್ಲ, ಬಟ್ಟೆಗೆ ಹಾಕಿ. ಕಾರು ನೆರಳಲ್ಲಿರಲಿ, ಬಾಗಿಲು ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಒಂದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎಳೀರಿ. ಮಡಿಕೆ ತಿರುಗಿಸ್ತಾ ಇರಿ, ಇಲ್ಲಾಂದ್ರೆ ತೆಗೆದ ಕೊಳೆಯನ್ನೇ ಮತ್ತೆ ಬಳಿದಂಗೆ. ಒಳಗೆ ಮೇಲಿಂದ ಕೆಳಕ್ಕೆ, ಹೊರಗೆ ಅಡ್ಡಡ್ಡ ಒರೆಸಿದರೆ ಉಳಿದ ಗೆರೆ ಯಾವ ಕಡೇದು ಅಂತ ತಕ್ಷಣ ತಿಳಿಯತ್ತೆ. ಹಿಂದಿನ ಗಾಜಿನ ಡಿಫಾಗರ್ ತಂತಿಗಳನ್ನು ಮಾತ್ರ ಅವು ಹೋದ ದಿಕ್ಕಿನಲ್ಲೇ ಒರೆಸಿ. ಈ ಬಟ್ಟೆಗಳನ್ನು ಒಗೆಯುವಾಗ ಕಂಫರ್ಟ್ ಥರದ್ದು ಹಾಕಬೇಡಿ, ಅದೇ ಮತ್ತೆ ಗಾಜಿಗೆ ಅಂಟತ್ತೆ. ಪೇಪರ್ ಸಾಕು ಅನ್ನೋ ಅಪ್ಪಂದಿರಿಗೆ ನಾವು ಪೂರ್ತಿ ಎದುರಾಡಲ್ಲ, ಆದರೆ ಅದರ ಮಸಿ ಕೈಗೂ ಹತ್ತತ್ತೆ, ಸೀಲಿಂಗ್ ಬಟ್ಟೆಗೂ ಹತ್ತತ್ತೆ. ಮಂಜು ಕಟ್ಟಿದರೆ ಕೈ ಹಾಕದೆ ಎಸಿ ಹಾಕಿ, ಹೊರಗಿನ ಗಾಳಿ ಬಿಡಿ.

ಮೊನ್ನೆ ನಮ್ಮ ಕಾಲೇಜು ವ್ಯಾನಿನ ಗಾಜು ಒರೆಸೋಕೆ ಹೋದಾಗ ಡ್ರೈವರಣ್ಣ, "ನಿಮ್ಗೇನ್ ಕೆಲ್ಸ ಇಲ್ವೇನ್ರಪ್ಪಾ?" ಅಂದರು. ಬಿಳಿ ಬಟ್ಟೆ ಕಂದುಬಣ್ಣಕ್ಕೆ ತಿರುಗಿದ್ದು ನೋಡಿ, ಇನ್ನೊಂದು ಬಟ್ಟೆ ತಗೊಂಡು ಆ ಕಡೆಯಿಂದ ಅವರೂ ಶುರು ಮಾಡಿದರು.